ಗ್ಯಾಸ್ ಮುಟ್ಟುವ ವಯಸ್ಸು

ಮಾರ್ಚ್ ಕಳೆದು ಏಪ್ರಿಲ್ ಬರುವಷ್ಟರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಗಲಾಟೆ ಮುಗಿಯುತ್ತ ಬಂದಿರುತ್ತದೆ. ಅದೇ ಹೊತ್ತಿಗೆ ಊರಿನ ಫ್ರಿಜ್, ಏಸಿ ರಿಪೇರಿ ಅಂಗಡಿಗಳಲ್ಲಿ ಫೋನು ಕೆಳಗಿಡಲು ಬಿಡುವಿರುವುದಿಲ್ಲ. ಬಳ್ಳಾರಿ, ರಾಯಚೂರು, ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತಿರುತ್ತದೆ. ಬೆಂಗಳೂರಿನಲ್ಲೂ ಏಸಿ ಹಾಕಿಸುವವರು ಸರದಿ ಕಾಯುತ್ತಾರೆ. ಏಣಿ ಹಿಡಿಯಲು, ತಾಮ್ರದ ಪೈಪು ಬಿಚ್ಚಲು, ಗೋಡೆ ಕೊರೆಯುವಾಗ ಕೆಳಗೆ ನಿಂತು ಸಾಮಾನು ಕೊಡಲು ಒಬ್ಬ ಹುಡುಗ ಬೇಕು. ರಜೆಯಲ್ಲಿ ಮನೆಯಲ್ಲಿ ಕೂತ ಹದಿನೈದು, ಹದಿನಾರರ ಹುಡುಗ ಪಕ್ಕದ ಬೀದಿಯಲ್ಲೇ ಸಿಗುತ್ತಾನೆ. ಎರಡು ತಿಂಗಳ ಮಟ್ಟಿಗೆ ಎಂದು ಹೋದವನ ಜೇಬಿಗೆ ಒಂದಿಷ್ಟು ದುಡ್ಡು ಬಂದು ಬೀಳುತ್ತದೆ. ಫಲಿತಾಂಶ ಬಂದು ಐಟಿಐ ಅರ್ಜಿ ಕರೆಯುವ ವೇಳೆಗೆ ಅವನಿಗೆ ಮತ್ತೆ ಬೆಂಚಿನ ಮೇಲೆ ಕೂರುವ ಮನಸ್ಸು ಇರುವುದಿಲ್ಲ, ಅಂಗಡಿಯವರಿಗೂ ಅವನನ್ನು ಬಿಟ್ಟುಕೊಡುವ ಮನಸ್ಸಿರುವುದಿಲ್ಲ. ಶೈತ್ಯೀಕರಣದ ಕೆಲಸಕ್ಕೆ ಯಾವ ವಯಸ್ಸಿನಲ್ಲಿ ಸೇರಬೇಕು ಎಂಬ ಪ್ರಶ್ನೆ ನಮ್ಮಲ್ಲಿ ಬಹಳ ಸಲ ಹೀಗೇ ತೀರ್ಮಾನವಾಗುತ್ತದೆ. ಯಾರೂ ಕೂತು ಯೋಚಿಸುವುದಿಲ್ಲ, ಬೇಸಿಗೆಯೇ ತೀರ್ಮಾನಿಸುತ್ತದೆ.

ಈ ಪ್ರಶ್ನೆಯನ್ನು ಕೂತು ಯೋಚಿಸಬೇಕು ಎಂಬುದಕ್ಕಾಗಿಯೇ ಈ ಬರಹ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸವನ್ನು ಕಲಿಯಲು ತೊಡಗುವುದಕ್ಕೆ ಹತ್ತನೇ ತರಗತಿ ಮುಗಿದ ಮೇಲಿನ 16ನೇ ವಯಸ್ಸು ಸರಿಯಾದದ್ದು. ಗ್ಯಾಸ್, ಕರೆಂಟು, ಎತ್ತರ ಈ ಮೂರನ್ನು ಕೈಯಾರೆ ನಿಭಾಯಿಸುವ ವಯಸ್ಸು 18ಕ್ಕಿಂತ ಕಡಿಮೆ ಇರಕೂಡದು. ತಡವಾಯಿತು ಎಂದು ಬಾಗಿಲು ಹಾಕುವ ವಯಸ್ಸು ಮಾತ್ರ ನಾವು ಅಂದುಕೊಂಡಿರುವುದಕ್ಕಿಂತ ಬಹಳ ದೂರದಲ್ಲಿದೆ. ಮೂವತ್ತರಲ್ಲಿ, ಮೂವತ್ತೈದರಲ್ಲಿ ಸೇರಿದವರೂ ಈ ಕೆಲಸದಲ್ಲಿ ಚೆನ್ನಾಗಿ ಬಾಳಬಹುದು. ಕಲಿಕೆ ಮೊದಲು, ಕೈಗೆ ಗ್ಯಾಸು ಆಮೇಲೆ. ಈ ಅನುಕ್ರಮ ತಪ್ಪದಿದ್ದರೆ ನಾಲ್ಕೈದು ವರ್ಷ ಹೆಚ್ಚುಕಡಿಮೆಯಾದರೂ ನಷ್ಟವಿಲ್ಲ. ತಪ್ಪಿದರೆ ಎಷ್ಟು ಬೇಗ ಸೇರಿದರೂ ಲಾಭವಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ನಂಬಿಕೆ ಹಳೆಯದು, ಬಲವಾದದ್ದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಕುಲುಮೆ, ಮಗ್ಗ, ಮರಗೆಲಸ ಎಲ್ಲವನ್ನೂ ಮಕ್ಕಳು ಅಪ್ಪನ ಪಕ್ಕ ಕೂತೇ ಕಲಿತರು. ಫ್ರಿಜ್ ರಿಪೇರಿಯೂ ಕೈಕೆಲಸವೇ ಅಲ್ಲವೇ, ಬೇಗ ಸೇರಿದಷ್ಟೂ ಕೈ ಪಳಗುತ್ತದೆ ಎಂಬುದು ವಾದ. ಅದರಲ್ಲಿ ಅರ್ಧ ನಿಜ ಇದೆ. ತಾಮ್ರದ ಪೈಪಿನ ತುದಿಯನ್ನು ಬಿರುಕು ಬಿಡದಂತೆ ಅರಳಿಸುವುದಕ್ಕೆ, ಬ್ರೇಜಿಂಗ್ ಜ್ವಾಲೆಯನ್ನು ಒಂದು ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲಿಸದೆ ಕಡ್ಡಿಯನ್ನು ಕರಗಿಸಿ ಹರಿಸುವುದಕ್ಕೆ ಕೈಯ ಪಳಗುವಿಕೆ ಬೇಕೇ ಬೇಕು. ಆದರೆ ಅವು ಕೆಲವು ತಿಂಗಳ ಅಭ್ಯಾಸಕ್ಕೆ ಒಲಿಯುವ ವಿದ್ಯೆಗಳು. ಶಸ್ತ್ರಚಿಕಿತ್ಸಕರನ್ನು ನೋಡಿ. ಎಂಬಿಬಿಎಸ್ ಮುಗಿಸುವಾಗಲೇ ಅವರಿಗೆ ಇಪ್ಪತ್ಮೂರು, ಇಪ್ಪತ್ನಾಲ್ಕು. ಚಾಕು ಹಿಡಿದು ಸ್ವತಂತ್ರವಾಗಿ ನಿಲ್ಲುವುದು ಅದಕ್ಕೂ ಎಷ್ಟೋ ವರ್ಷದ ಮೇಲೆ. ಅವರ ಕೈ ಗಟ್ಟಿಯಾಗಿಬಿಟ್ಟಿತು ಎಂದು ಯಾರೂ ಹೇಳುವುದಿಲ್ಲ. ಕೂದಲೆಳೆಯ ನರವನ್ನು ಹೊಲಿಯುವ ಕೈ ಇಪ್ಪತ್ತೈದರ ಮೇಲೂ ಪಳಗುವುದಾದರೆ ಅರ್ಧ ಇಂಚಿನ ತಾಮ್ರದ ಪೈಪಿಗೆ ಹದಿನಾಲ್ಕರಲ್ಲೇ ಶುರು ಮಾಡಬೇಕಾದ ತುರ್ತು ಏನಿದೆ?

ಈ ಕೆಲಸದ ಕಷ್ಟ ಬೇರೆ ಕಡೆ ಇದೆ. ಯಂತ್ರ ಯಾಕೆ ತಂಪು ಮಾಡುತ್ತಿಲ್ಲ ಎಂದು ಕಂಡುಹಿಡಿಯುವುದು ಕಷ್ಟ. ಒಂದೇ ಲಕ್ಷಣಕ್ಕೆ ಹತ್ತು ಕಾರಣಗಳಿರಬಹುದು. ಗ್ಯಾಸ್ ಸೋರಿರಬಹುದು, ಸಣ್ಣ ಕೊಳವೆಯಲ್ಲಿ ಕಸ ಕಟ್ಟಿರಬಹುದು, ಕಂಪ್ರೆಸರಿನ ಕವಾಟ ಸವೆದಿರಬಹುದು, ಕೆಪಾಸಿಟರ್ ಸತ್ತಿರಬಹುದು, ಹೊರಗಿನ ಕಾಯಿಲ್‌ನಲ್ಲಿ ಧೂಳು ಕೂತು ಬಿಸಿ ಹೊರಹೋಗದೇ ಇರಬಹುದು. ನೋಡಿ ಮಾತ್ರ ಕಲಿತವನಿಗೆ ಇವೆಲ್ಲಕ್ಕೂ ಒಂದೇ ಉತ್ತರ: ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು. ಫ್ರಿಜ್ಜಿನ ಗ್ಯಾಸು ಗಾಡಿಯ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕಿ ಮುಚ್ಚದೆ ಗ್ಯಾಸು ತುಂಬಿಸಿದರೆ ಗಿರಾಕಿಯ ದುಡ್ಡು ಹೋಗುತ್ತದೆ, ಗ್ಯಾಸು ಆಕಾಶಕ್ಕೆ ಹೋಗುತ್ತದೆ, ಮುಂದಿನ ಬೇಸಿಗೆಗೆ ಮತ್ತೆ ಅದೇ ಕರೆ ಬರುತ್ತದೆ. ಇದನ್ನು ಹುಡುಗನ ಅಪ್ರಾಮಾಣಿಕತೆ ಎನ್ನಲು ನನಗೆ ಮನಸ್ಸಿಲ್ಲ. ಅವನಿಗೆ ಯಾರೂ ಕಾರಣ ಹೇಳಿಕೊಟ್ಟಿಲ್ಲ, ಕ್ರಮವನ್ನು ಮಾತ್ರ ತೋರಿಸಿಕೊಟ್ಟಿದ್ದಾರೆ.

ಕಾರಣ ಇರುವುದು ಶಾಲೆಯ ಪುಸ್ತಕದಲ್ಲಿ ಎಂಬುದನ್ನು ನಾವು ಗಮನಿಸಿದಂತಿಲ್ಲ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೇಕೆ, ಮಂಜುಗಡ್ಡೆ ಕರಗುತ್ತಿರುವಾಗ ಶಾಖ ಹೀರಿಯೂ ಅದರ ಉಷ್ಣತೆ ಏರದಿರುವುದೇಕೆ ಎಂಬ ಪಾಠ ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಬರುತ್ತದೆ. ಅಲ್ಲಿ ಗುಪ್ತೋಷ್ಣ ಎಂದು ಕರೆಯುವುದೇ ಇಡೀ ಶೈತ್ಯೀಕರಣದ ಬುಡ. ಓಮನ ನಿಯಮ, ಸರಣಿ ಮತ್ತು ಸಮಾಂತರ ಜೋಡಣೆ ಬರುವುದು ಹತ್ತನೇ ತರಗತಿಯಲ್ಲಿ. ಅವಿಲ್ಲದೆ ಕಂಪ್ರೆಸರಿನ ಮೂರು ತುದಿಗಳಲ್ಲಿ ಯಾವುದು ಸ್ಟಾರ್ಟ್, ಯಾವುದು ರನ್, ಯಾವುದು ಕಾಮನ್ ಎಂದು ಮೀಟರಿನಲ್ಲಿ ಅಳೆದು ಹೇಳಲಾಗದು. ಒಂದು ಟನ್ ಏಸಿ ಎನ್ನುವಾಗ ಟನ್ ಎಂದರೇನು? ಅಮೆರಿಕದ ಲೆಕ್ಕದ ಒಂದು ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುತ್ತ ಹೀರುವಷ್ಟು ಶಾಖವನ್ನು ಹೊರಹಾಕುವ ಸಾಮರ್ಥ್ಯ. ಇಂದಿನ ಮಾತಿನಲ್ಲಿ ಸುಮಾರು 3.5 ಕಿಲೋವ್ಯಾಟ್. ಹಡಗಿನಲ್ಲಿ ಮಂಜುಗಡ್ಡೆ ತಂದು ಮಾರುತ್ತಿದ್ದ ಕಾಲದ ನೆನಪು ಆ ಪದದಲ್ಲಿ ಉಳಿದಿದೆ. ಬಾಸ್ಟನ್ನಿನ ಕೆರೆಗಳ ಮಂಜುಗಡ್ಡೆ 1833ರಲ್ಲಿ ಕಲ್ಕತ್ತಕ್ಕೆ ಬಂದಿಳಿದಿತ್ತು. ಈ ತಿಳಿವಳಿಕೆ ಇದ್ದವನು ಕೋಣೆ ನೋಡಿ ಎಷ್ಟು ಟನ್ ಬೇಕು ಎಂದು ಲೆಕ್ಕ ಹಾಕುತ್ತಾನೆ, ಇಲ್ಲದವನು ಅಂದಾಜಿನಲ್ಲಿ ಹೇಳುತ್ತಾನೆ. ಹಾಗಾಗಿ ಹತ್ತನೇ ತರಗತಿಯನ್ನು ಸರ್ಕಾರಿ ಕಾಗದದ ಅರ್ಹತೆ ಎಂದಷ್ಟೇ ನೋಡಬಾರದು. ಈ ಕೆಲಸದ ಮೊದಲ ಎರಡು ಹತಾರಗಳು ಅಲ್ಲಿ ಸಿಗುತ್ತವೆ. ಹದಿನಾಲ್ಕರಲ್ಲಿ ಶಾಲೆ ಬಿಟ್ಟವನು ಅವುಗಳಲ್ಲಿ ಒಂದನ್ನೋ ಎರಡನ್ನೋ ಬಿಟ್ಟೇ ಬಂದಿರುತ್ತಾನೆ.

ಇನ್ನು ಅಪಾಯದ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಏಸಿ ಕೆಲಸವೆಂದರೆ ನೆರಳಿನ, ತಂಪಿನ ಕೆಲಸ ಎಂಬ ಭಾವನೆ ಹೊರಗಿನವರಲ್ಲಿದೆ. ಹಳೆಯ ಫ್ರಿಜ್ಜುಗಳಲ್ಲಿದ್ದ ಆರ್-12, ಆಮೇಲೆ ಬಂದ ಆರ್-134ಎ ಬೆಂಕಿ ಹತ್ತದ ಗ್ಯಾಸುಗಳು. ಅವುಗಳ ಕಾಲದಲ್ಲಿ ಕೊಳವೆ ಕತ್ತರಿಸಿ, ಜ್ವಾಲೆ ಹಿಡಿದು, ಬೆಸುಗೆ ಹಾಕಿ ಮುಗಿಸುವುದು ರೂಢಿಯಾಯಿತು. ಇವತ್ತು ಮನೆಗೆ ಬರುತ್ತಿರುವ ಹೊಸ ಫ್ರಿಜ್ಜುಗಳಲ್ಲಿ ಬಹುಪಾಲು ಇರುವುದು ಆರ್-600ಎ, ಅಂದರೆ ಐಸೋಬ್ಯುಟೇನ್. ಅದು ಅಡುಗೆ ಅನಿಲದ ಹತ್ತಿರದ ಸಂಬಂಧಿ, ಬೆಂಕಿ ಹತ್ತುತ್ತದೆ. ಅಡುಗೆ ಅನಿಲಕ್ಕೆ ಸೋರಿಕೆ ತಿಳಿಯಲೆಂದು ಬೆರೆಸುವ ವಾಸನೆ ಮಾತ್ರ ಇದರಲ್ಲಿ ಇರುವುದಿಲ್ಲ. ಪ್ರೊಪೇನ್ ಆದ ಆರ್-290 ತುಂಬಿದ ಏಸಿಗಳು 2012ರಿಂದ ನಮ್ಮ ಮಾರುಕಟ್ಟೆಯಲ್ಲಿವೆ. ಹೊಸ ಏಸಿಗಳಲ್ಲಿ ಸಾಮಾನ್ಯವಾಗಿರುವ ಆರ್-32 ಕೂಡ ಸೌಮ್ಯವಾಗಿಯಾದರೂ ಉರಿಯುವ ಗುಂಪಿನದು. ಹಳೆಯ ರೂಢಿಯನ್ನು ಕಣ್ಣಿನಲ್ಲಿ ಕಲಿತ ಹುಡುಗ ಐಸೋಬ್ಯುಟೇನ್ ಇರುವ ಕೊಳವೆಗೆ ಜ್ವಾಲೆ ಹಿಡಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಸೋರಿಕೆ ಪರೀಕ್ಷೆಗೆ ಕೊಳವೆಯೊಳಗೆ ಒತ್ತಡ ಕೊಡಬೇಕು, ಅದಕ್ಕೆ ಬಳಸಬೇಕಾದದ್ದು ಒಣ ನೈಟ್ರೋಜನ್. ಬೆಸುಗೆಗೆಂದು ತಂದ ಆಕ್ಸಿಜನ್ ಸಿಲಿಂಡರು ಪಕ್ಕದಲ್ಲೇ ಇರುತ್ತದೆ. ಎರಡೂ ಗಾಳಿಯೇ ಅಲ್ಲವೇ ಎಂದು ಆಕ್ಸಿಜನ್ ತುಂಬಿಸಿದರೆ ಕಂಪ್ರೆಸರಿನ ಎಣ್ಣೆ ಅದರೊಡನೆ ಒತ್ತಡದಲ್ಲಿ ಸೇರಿ ಸಿಡಿಯುತ್ತದೆ. ಇನ್ವರ್ಟರ್ ಏಸಿಯ ಬೋರ್ಡಿನಲ್ಲಿ ಸ್ವಿಚ್ ಆರಿಸಿದ ಮೇಲೂ 300 ವೋಲ್ಟಿಗೆ ಮೀರಿದ ಡಿಸಿ ವಿದ್ಯುತ್ತು ಕೆಪಾಸಿಟರಿನಲ್ಲಿ ಕೆಲ ಹೊತ್ತು ಉಳಿದಿರುತ್ತದೆ. ಆರ್-22 ದ್ರವ ಬಯಲಿನಲ್ಲಿ ಕುದಿಯುವುದೇ ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಬೆರಳಿಗೆ ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ. ಒಂದೂವರೆ ಟನ್ನಿನ ಔಟ್‌ಡೋರ್ ಯೂನಿಟ್ ಸುಮಾರು 30 ಕಿಲೋ ತೂಗುತ್ತದೆ. ಅದನ್ನು ಮೂರನೇ ಮಹಡಿಯ ಹೊರಗೋಡೆಯ ಬ್ರಾಕೆಟ್ಟಿನ ಮೇಲೆ ಕೂರಿಸುವಾಗ ಸೊಂಟಕ್ಕೆ ಹಗ್ಗವಿಲ್ಲದೆ ನಿಂತವರನ್ನು ನಮ್ಮ ಎಲ್ಲ ನಗರಗಳಲ್ಲೂ ದಿನನಿತ್ಯ ಕಾಣಬಹುದು. ಈ ಎಲ್ಲದರಲ್ಲೂ ಬದುಕಿಸುವುದು ಅನುಮಾನಿಸಿ ನಿಲ್ಲುವ ಬುದ್ಧಿ. ಇದು ಬೇಡ, ಇವತ್ತು ಹೀಗೆ ಮಾಡುವುದಿಲ್ಲ ಎಂದು ಮಾಲೀಕನಿಗೆ ಹೇಳುವ ಧೈರ್ಯವೂ ಬೇಕು. ಹದಿನೈದರ ಹುಡುಗನಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯ್ದೆ 14 ತುಂಬದವರನ್ನು ದುಡಿಸುವುದನ್ನು ನಿಷೇಧಿಸಿತು. 14ರಿಂದ 18ರೊಳಗಿನವರನ್ನು ಗಣಿ, ಉರಿಯುವ ಮತ್ತು ಸ್ಫೋಟಕ ವಸ್ತುಗಳು, ಅಪಾಯಕಾರಿ ಪ್ರಕ್ರಿಯೆಗಳಿಂದ ದೂರವಿಟ್ಟಿತು. ಬೀದಿಯ ಫ್ರಿಜ್ ಅಂಗಡಿ ಈ ಪಟ್ಟಿಯೊಳಗೆ ಬರುತ್ತದೆಯೇ ಎಂದು ವಕೀಲರು ವಾದಿಸಬಹುದು. ಆದರೆ ಐಸೋಬ್ಯುಟೇನ್ ಉರಿಯುವ ವಸ್ತು ಎಂಬುದರಲ್ಲಿ ವಾದವಿಲ್ಲ, ಕಾನೂನಿನ ಆಶಯ ಏನೆಂಬುದರಲ್ಲೂ ಇಲ್ಲ. ಅಪ್ರೆಂಟಿಸ್ ಕಾಯ್ದೆಯೂ ಸಾಮಾನ್ಯ ಕಸುಬುಗಳಿಗೆ 14 ವರ್ಷ ಸಾಕೆಂದರೂ ಅಪಾಯಕಾರಿ ಉದ್ಯಮಗಳ ಕಸುಬಿಗೆ 18 ಕೇಳುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 138ನೇ ಒಪ್ಪಂದಕ್ಕೆ ಭಾರತ 2017ರಲ್ಲಿ ಒಪ್ಪಿಗೆ ಕೊಟ್ಟಿತು. ಅಪಾಯದ ಕೆಲಸಕ್ಕೆ ಅದು ಹೇಳುವ ವಯಸ್ಸು 18. ಆ ಕಸುಬಿನ ತರಬೇತಿ ಮತ್ತು ಪೂರ್ಣ ರಕ್ಷಣೆ ಇದ್ದರೆ ಮಾತ್ರ 16ಕ್ಕೆ ಅವಕಾಶ ಕೊಡಬಹುದು ಎನ್ನುತ್ತದೆ. 16 ಮತ್ತು 18 ಎಂಬ ನನ್ನ ಎರಡು ಗೆರೆಗಳು ಆಕಾಶದಿಂದ ಬಿದ್ದವಲ್ಲ. ತೀರಾ ಸಾಮಾನ್ಯವಾದ ಇನ್ನೊಂದು ಕಾರಣವೂ ಇದೆ. ಸರ್ವಿಸ್ ಕೆಲಸವೆಂದರೆ ಬೈಕಿನ ಮೇಲೆ ಟೂಲ್ ಬ್ಯಾಗು, ವ್ಯಾಕ್ಯೂಮ್ ಪಂಪು, ಗ್ಯಾಸ್ ಸಿಲಿಂಡರು ಹೊತ್ತು ಮನೆಯಿಂದ ಮನೆಗೆ ಓಡುವುದು. ಆ ಬೈಕಿಗೆ ಲೈಸೆನ್ಸ್ ಸಿಗುವುದೇ 18ಕ್ಕೆ. ಅದಕ್ಕೂ ಮೊದಲು ಓಡಿಸಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೋ ವಾಹನದ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಇಷ್ಟೆಲ್ಲ ಸರಿ, ಮನೆಯಲ್ಲಿ ಒಲೆ ಹೊತ್ತಬೇಕಲ್ಲ ಎಂಬ ಮಾತು ಬರುತ್ತದೆ. ಎಲ್ಲ ಆಕ್ಷೇಪಗಳಲ್ಲಿ ನಾನು ತಲೆಬಾಗುವುದು ಇದೊಂದಕ್ಕೇ. ಎರಡು ವರ್ಷ ಐಟಿಐ ಎಂದರೆ ಎರಡು ವರ್ಷದ ಸಂಪಾದನೆ ಇಲ್ಲ. ಅಪ್ಪನ ಕೂಲಿಯ ಮೇಲೆ ನಿಂತ ಮನೆಗೆ ಅದು ಸಣ್ಣ ಮೊತ್ತವಲ್ಲ. ಓದು ಮುಖ್ಯ ಎಂದು ಅಂಥ ಮನೆಗೆ ಉಪದೇಶ ಮಾಡುವುದು ಸುಲಭ, ಆ ತಿಂಗಳ ರೇಷನ್ನು ತರುವುದು ಕಷ್ಟ. ಆದರೂ ಲೆಕ್ಕವನ್ನು ಪೂರ್ತಿ ಹಾಕಿ ನೋಡಬೇಕು. ಹೆಲ್ಪರ್ ಆಗಿ ಸೇರಿದವನಿಗೆ ಕೈತುಂಬ ಕೆಲಸ ಇರುವುದು ಮಾರ್ಚಿನಿಂದ ಮೇ ತನಕ. ಮಳೆ ಹಿಡಿದ ಮೇಲೆ ಏಸಿ ಕರೆಗಳು ಇಳಿಯುತ್ತವೆ, ದಿನಗೂಲಿಯ ಹುಡುಗನೇ ಮೊದಲು ಮನೆಗೆ ಹೋಗುತ್ತಾನೆ. ವರ್ಷಪೂರ್ತಿ ಕೆಲಸ ಕೊಡುವ ಆಸ್ಪತ್ರೆ, ಡೇರಿ, ಔಷಧ ಗೋದಾಮು, ದೊಡ್ಡ ಕಟ್ಟಡಗಳ ಕೇಂದ್ರೀಯ ಏಸಿ ಘಟಕಗಳು ಸರ್ಟಿಫಿಕೇಟ್ ಕೇಳುತ್ತವೆ. ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಟೆಕ್ನೀಷಿಯನ್ ಎಂಬ ಎರಡು ವರ್ಷದ ಐಟಿಐ ಕೋರ್ಸ್ ಮುಗಿಸಿ ಅಪ್ರೆಂಟಿಸ್ ಆದರೆ ಕನಿಷ್ಠ ಸ್ಟೈಪೆಂಡ್ ಉಂಟು, 2019ರ ನಿಯಮಗಳು ವಿದ್ಯಾರ್ಹತೆಗೆ ತಕ್ಕಂತೆ ಅದನ್ನು ತಿಂಗಳಿಗೆ 5,000ದಿಂದ 9,000 ರೂಪಾಯಿ ಎಂದು ನಿಗದಿ ಮಾಡಿದ್ದವು. ದೊಡ್ಡ ದುಡ್ಡಲ್ಲ, ಆದರೆ ಮಳೆಗಾಲದಲ್ಲೂ ಬರುವ ದುಡ್ಡು. ಐಟಿಐ ಓದುವ ಹದಿನೇಳರ ಹುಡುಗ ರಜೆಯಲ್ಲಿ ಅಂಗಡಿಗೆ ಹೋಗಿ ಫಿಲ್ಟರ್ ತೊಳೆಯಲಿ, ಸಾಮಾನು ಪಟ್ಟಿ ಬರೆಯಲಿ, ಬಿಡಿಭಾಗ ಬಿಚ್ಚಿ ಜೋಡಿಸಲಿ. ಅದನ್ನು ಯಾರೂ ಬೇಡವೆನ್ನಬಾರದು. ಛಾವಣಿ, ಸಿಲಿಂಡರು, ಜ್ವಾಲೆ, ಕರೆಂಟು ಈ ನಾಲ್ಕರಿಂದ ಅವನನ್ನು ದೂರ ಇಟ್ಟರೆ ಸಾಕು. ಬಡತನದ ವಾದಕ್ಕೆ ನಿಜವಾದ ಉತ್ತರ ಕೊಡಬೇಕಾದದ್ದು ಸರ್ಕಾರ. ಕಲಿಯುವ ಎರಡು ವರ್ಷಕ್ಕೂ ಸ್ಟೈಪೆಂಡ್ ಸಿಗುವಂತಾದರೆ ಏಪ್ರಿಲಿನ ಸೆಳೆತ ಅರ್ಧ ಕಡಿಮೆಯಾಗುತ್ತದೆ.

ಕರಾವಳಿಯ ಮನೆಗಳಿಗೆ ಲೆಕ್ಕದ ಇನ್ನೊಂದು ಸಾಲು ಇದೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ದುಬೈ, ಕುವೈತ್, ಸೌದಿಗೆ ಹೋಗಿ ಏಸಿ ಕೆಲಸ ಮಾಡುವುದು ತಲೆಮಾರುಗಳ ದಾರಿ. ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಅಗತ್ಯವಿಲ್ಲ. ಪಾಸಾಗದ ಕೂಲಿಕಾರ್ಮಿಕ ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವುದಾದರೆ ವಲಸೆ ಅಧಿಕಾರಿಯ ಅನುಮತಿ ಬೇಕು. ಹದಿನಾಲ್ಕರಲ್ಲಿ ಶಾಲೆ ಬಿಟ್ಟು ಉಳಿಸಿದ ಎರಡು ವರ್ಷವನ್ನು ಅವನು ಮುಂದೆ ಏಜೆಂಟನ ಬಾಗಿಲಲ್ಲಿ ಬಡ್ಡಿಸಮೇತ ತೆರುತ್ತಾನೆ.

ಐಟಿಐಯಲ್ಲಿ ಏನು ಕಲಿಸುತ್ತಾರೆ, ಅಂಗಡಿಯಲ್ಲಿ ಆರು ತಿಂಗಳಿಗೆ ಬರುವ ವಿದ್ಯೆ ಅಲ್ಲಿ ಎರಡು ವರ್ಷವಾದರೂ ಬರುವುದಿಲ್ಲ ಎಂದು ಮಾಲೀಕರು ಹೇಳುವುದುಂಟು. ಈ ದೂರಿನಲ್ಲಿ ಹುರುಳಿದೆ. ಎಷ್ಟೋ ಕಡೆ ಲ್ಯಾಬಿನಲ್ಲಿರುವುದು ಮಾರುಕಟ್ಟೆಯಲ್ಲಿ ಸಿಗದ ಹಳೆಯ ಯಂತ್ರ. ಇನ್ವರ್ಟರ್ ಏಸಿಯನ್ನು ಬಿಚ್ಚಿ ನೋಡದೆಯೇ ಸರ್ಟಿಫಿಕೇಟ್ ಪಡೆದವರಿದ್ದಾರೆ. ಕರ್ನಾಟಕ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದೆ. ಅಂಥ ಗಮನ ಈ ಕೋರ್ಸಿನ ಲ್ಯಾಬಿನತ್ತಲೂ ಹರಿಯಬೇಕು. ಆದರೂ ಅಂಗಡಿ ಮತ್ತು ಐಟಿಐ ಒಂದೇ ಪಾಠದ ಎರಡು ಶಾಲೆಗಳೆಂದು ಹೋಲಿಸುವುದೇ ತಪ್ಪು. ಅಂಗಡಿ ವೇಗ ಕಲಿಸುತ್ತದೆ, ಗಿರಾಕಿಯೊಡನೆ ಮಾತು ಕಲಿಸುತ್ತದೆ, ಇಕ್ಕಟ್ಟಿನ ಬಾಲ್ಕನಿಯಲ್ಲಿ ಸ್ಪ್ಯಾನರ್ ತಿರುಗಿಸುವುದನ್ನು ಕಲಿಸುತ್ತದೆ. ಒತ್ತಡ ಮತ್ತು ಉಷ್ಣತೆಯ ಪಟ್ಟಿ ಓದುವುದನ್ನು, ಸರ್ಕ್ಯೂಟ್ ಚಿತ್ರ ಬಿಡಿಸುವುದನ್ನು, ವ್ಯಾಕ್ಯೂಮ್ ಎಳೆಯದೆ ಗ್ಯಾಸು ಹಾಕಿದರೆ ಕೊಳವೆಯೊಳಗಿನ ತೇವ ಎಣ್ಣೆಯೊಡನೆ ಸೇರಿ ಆಮ್ಲವಾಗಿ ಕಂಪ್ರೆಸರನ್ನು ತಿನ್ನುತ್ತದೆಂಬುದನ್ನು ಅಂಗಡಿಯ ಗಡಿಬಿಡಿಯಲ್ಲಿ ಯಾರು ಕೂರಿಸಿಕೊಂಡು ಹೇಳುತ್ತಾರೆ? ಬೇಸಿಗೆಯಲ್ಲಿ ದಿನಕ್ಕೆ ಎಂಟು ಕರೆ ಮುಗಿಸಬೇಕಾದ ಮೆಕ್ಯಾನಿಕ್ ಒಳ್ಳೆಯವನಾದರೂ ಅವನಿಗೆ ಸಮಯವಿಲ್ಲ. ಮೊದಲು ಐಟಿಐ, ಆಮೇಲೆ ಅಂಗಡಿ ಎಂಬ ಅನುಕ್ರಮದಲ್ಲಿ ಎರಡೂ ಒಂದಕ್ಕೊಂದು ಒದಗುತ್ತವೆ. ತಿರುಗುಮುರುಗಾದರೆ ಮೊದಲನೆಯದು ಬರುವುದೇ ಇಲ್ಲ.

ಬೇಗ ಸೇರಿದವನ ಅನುಭವದ ಬಗ್ಗೆ ನಾವು ಇಟ್ಟಿರುವ ಭರವಸೆಯನ್ನು ಈ ಕಸುಬಿನ ಇತಿಹಾಸವೇ ಅಲುಗಾಡಿಸುತ್ತದೆ. 1990ರಲ್ಲಿ ಹದಿನೈದನೇ ವಯಸ್ಸಿಗೆ ಸೇರಿದ ಒಬ್ಬ ಮೆಕ್ಯಾನಿಕ್ಕನ್ನು ಊಹಿಸಿಕೊಳ್ಳಿ. ಅವನು ಕಲಿತದ್ದು ಆರ್-12. ಓಝೋನ್ ಪದರವನ್ನು ತಿನ್ನುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದಡಿ ಆ ಗುಂಪಿನ ಗ್ಯಾಸುಗಳ ಬಳಕೆಯನ್ನು ಭಾರತ 2010ರ ಹೊತ್ತಿಗೆ ನಿಲ್ಲಿಸಿತು. ಬದಲಿಗೆ ಬಂದ ಆರ್-134ಎಗೆ ಕಂಪ್ರೆಸರಿನ ಎಣ್ಣೆಯೇ ಬೇರೆ, ಹಳೆಯ ಎಣ್ಣೆಯೊಡನೆ ಅದು ಬೆರೆಯುವುದಿಲ್ಲ. ಏಸಿಗಳಲ್ಲಿ ದಶಕಗಟ್ಟಲೆ ಆಳಿದ ಆರ್-22 ಕೂಡ 2030ಕ್ಕೆ ಕೊನೆಯಾಗಬೇಕು, ಹಳೆಯ ಯಂತ್ರಗಳ ರಿಪೇರಿಗೆಂದು ಅಲ್ಪ ಪ್ರಮಾಣ ಮಾತ್ರ 2040ರ ತನಕ ಉಳಿಯುತ್ತದೆ. ಅದರ ಜಾಗಕ್ಕೆ ಬಂದ ಆರ್-410ಎಯ ಒತ್ತಡ ಆರ್-22ರ ಒಂದೂವರೆ ಪಟ್ಟಿಗೂ ಹೆಚ್ಚು, ಹಳೆಯ ಗೇಜು ಅದಕ್ಕೆ ಆಗುವುದಿಲ್ಲ. ಈಗ ಆರ್-32, ಆರ್-600ಎ, ಆರ್-290. ಐವತ್ತಕ್ಕೆ ಬರುವಷ್ಟರಲ್ಲಿ ಆ ಮೆಕ್ಯಾನಿಕ್ ನಾಲ್ಕೈದು ಸಲ ಹೊಸಬನಾಗಿದ್ದಾನೆ. ಕಲಿಯಲು ಕಲಿತಿದ್ದರೆ ಅವನು ದಾಟಿಬಂದಿರುತ್ತಾನೆ, ನೋಡಿ ಅಭ್ಯಾಸ ಮಾಡಿಕೊಂಡಿದ್ದಷ್ಟೇ ಆದರೆ ಯಾವುದೋ ಒಂದು ಗ್ಯಾಸಿನ ಬಳಿ ನಿಂತುಹೋಗಿರುತ್ತಾನೆ. ಮುಂದಿನದು ಇನ್ನೂ ಚುರುಕು. ಮಾಂಟ್ರಿಯಲ್ ಒಪ್ಪಂದಕ್ಕೆ ತಂದ 2016ರ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಆರ್-134ಎ, ಆರ್-410ಎ, ಆರ್-32 ಸೇರಿದ ಎಚ್‌ಎಫ್‌ಸಿ ಗುಂಪಿನ ಗ್ಯಾಸುಗಳ ಬಳಕೆ 2028ಕ್ಕೆ ಏರುವುದನ್ನು ನಿಲ್ಲಿಸಬೇಕು, 2032ರಿಂದ ಹಂತಹಂತವಾಗಿ ಇಳಿಯಬೇಕು, 2047ಕ್ಕೆ ಶೇ 85ರಷ್ಟು ಕಡಿಮೆಯಾಗಿರಬೇಕು. 2009ರಲ್ಲಿ ಹುಟ್ಟಿದ ಹುಡುಗನಿಗೆ ಮೊದಲ ಗಡುವಿನಲ್ಲಿ 19 ವರ್ಷ, ಕೊನೆಯ ಗಡುವಿನಲ್ಲಿ 38. ಅವನ ದುಡಿಮೆಯ ಒಳ್ಳೆಯ ಕಾಲವೆಲ್ಲ ಗ್ಯಾಸು ಬದಲಾಗುವ ಕಾಲವೇ. ಅವನಿಗೆ ಎರಡು ವರ್ಷದ ಮುಂಚಿನ ಆರಂಭಕ್ಕಿಂತ ಎರಡು ವರ್ಷದ ತಳಪಾಯ ಹೆಚ್ಚು ಉಪಕಾರಿ.

ಇದೇ ಕಾರಣಕ್ಕೆ ತಡವಾಗಿ ಬರುವವರಿಗೂ ಬಾಗಿಲು ತೆರೆದಿದೆ. ಎಲ್ಲರೂ ಹತ್ತು ಹದಿನೈದು ವರ್ಷಕ್ಕೊಮ್ಮೆ ಹೊಸಬರಾಗುವ ಕಸುಬಿನಲ್ಲಿ ಮೂವತ್ತೈದರ ಹೊಸಬ ತೀರಾ ಹಿಂದೆ ಬಿದ್ದವನಲ್ಲ. ಆವಿಯನ್ನು ಒತ್ತಿ ತಂಪು ಮಾಡುವ ಯಂತ್ರಕ್ಕೆ ಜೇಕಬ್ ಪರ್ಕಿನ್ಸ್ 1834ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದಾಗ ಅವರಿಗೆ 68 ವರ್ಷ. ಅದನ್ನು ನಡೆಯುವ ಉದ್ಯಮವಾಗಿಸಿದವರಲ್ಲಿ ಮೊದಲಿಗರಾದ ಜೇಮ್ಸ್ ಹ್ಯಾರಿಸನ್ ಆಸ್ಟ್ರೇಲಿಯದ ಜೀಲಾಂಗಿನ ಪತ್ರಿಕಾ ಸಂಪಾದಕ. ಅವರೆಲ್ಲ ಸಂಶೋಧಕರು, ಮೆಕ್ಯಾನಿಕ್ಕಿಗೆ ಆ ಹೋಲಿಕೆ ಸಲ್ಲದು ಎನ್ನಬಹುದು. ಹಾಗಾದರೆ ಮೆಕ್ಯಾನಿಕ್ಕನ್ನೇ ನೋಡೋಣ. ಅಮೆರಿಕದ ಫ್ರೆಡೆರಿಕ್ ಮ್ಯಾಕಿನ್ಲಿ ಜೋನ್ಸ್ 1893ರಲ್ಲಿ ಹುಟ್ಟಿದ ಕರಿಯ ಜನಾಂಗದ ಅನಾಥ ಹುಡುಗ, ಶಾಲೆ ಪೂರ್ತಿ ಮಾಡದೆ ಗ್ಯಾರೇಜು ಸೇರಿದವರು. ಬೇಗ ಸೇರಿದ್ದರಿಂದಲೇ ಬೆಳೆದರು ಎಂದು ಅವರ ಹೆಸರನ್ನು ನನ್ನ ವಿರುದ್ಧವೇ ಹೇಳಬಹುದು. ಆದರೆ ಅವರು ಗ್ಯಾರೇಜಿನಲ್ಲಿ ಕಲಿತದ್ದು ಮೋಟಾರು. ಲಾರಿಯ ಮೇಲೆ ಕೂರುವ ಶೈತ್ಯಯಂತ್ರಕ್ಕೆ ಕೈ ಹಾಕಿದ್ದು 1930ರ ದಶಕದ ಕೊನೆಯಲ್ಲಿ, ನಲವತ್ತೈದರ ಆಸುಪಾಸಿನಲ್ಲಿ. ನಡುವೆ ಪುಸ್ತಕಗಳನ್ನು ತಾವೇ ಓದಿಕೊಂಡು ವಿದ್ಯುತ್ತು, ಎಲೆಕ್ಟ್ರಾನಿಕ್ಸ್ ಕಲಿತರು. ಇವತ್ತು ಹೆದ್ದಾರಿಯಲ್ಲಿ ಹಾಲು, ಮೀನು, ಲಸಿಕೆ ಹೊತ್ತು ಓಡುವ ತಂಪು ಲಾರಿಗಳ ಹಿಂದೆ ಅವರ ಆ ಕೆಲಸವಿದೆ. ಬೇರೆ ಕಸುಬಿನಲ್ಲಿ ಪಳಗಿ, ಓದಿ, ತಡವಾಗಿ ಬಂದವರು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನನಗೆ ಅವರೇ ಸಾಕ್ಷಿ.

ತಡವಾಗಿ ಬರುವವರ ತೊಂದರೆ ಬುದ್ಧಿಯದಲ್ಲ, ಸ್ಥಾನದ್ದು. ಹೆಂಡತಿ ಮಕ್ಕಳಿರುವ ಮೂವತ್ತಮೂರರ ಮನುಷ್ಯ ಇಪ್ಪತ್ಮೂರರ ಮೆಕ್ಯಾನಿಕ್ಕಿನ ಕೆಳಗೆ ಹೆಲ್ಪರ್ ಸಂಬಳಕ್ಕೆ ಏಣಿ ಹಿಡಿಯಬೇಕು. ನಮ್ಮ ಸಮಾಜದಲ್ಲಿ ಅದು ಸುಲಭವಲ್ಲ ಎಂಬುದನ್ನು ಒಪ್ಪಲೇಬೇಕು. ಆದ್ದರಿಂದ ಅವರು ಪ್ರವೇಶಿಸುವ ಬಾಗಿಲನ್ನು ನೋಡಿ ಆರಿಸಬೇಕು. ಗೋಡೆಗೆ ಏಸಿ ಹಾಕುವ ಕೆಲಸ ಮೊಣಕಾಲು, ಬೆನ್ನು ಗಟ್ಟಿಯಿರುವವರದು. ನಲವತ್ತರ ಮೇಲೆ ಹೊಸದಾಗಿ ಅದಕ್ಕೆ ಇಳಿಯುವುದನ್ನು ನಾನು ಹೇಳಲಾರೆ. ಆದರೆ ಶೈತ್ಯೀಕರಣ ಎಂದರೆ ಅದೊಂದೇ ಅಲ್ಲ. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜುಗಳು, ಮಲ್ಪೆಯ ಐಸ್ ಪ್ಲಾಂಟುಗಳು, ಹಳ್ಳಿ ಡೇರಿಗಳಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸುವ ಬಲ್ಕ್ ಕೂಲರುಗಳು, ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಕಾಯಬೇಕಾದ ಆರೋಗ್ಯ ಕೇಂದ್ರಗಳು ಇವೆ. ಇಲ್ಲಿ ಬೇಕಾದದ್ದು ಗಂಟೆಗೊಮ್ಮೆ ಗೇಜು ನೋಡಿ ಬರೆದಿಡುವ, ಶಬ್ದ ಬದಲಾದರೆ ಎದ್ದು ಹೋಗಿ ನೋಡುವ, ಅಮೋನಿಯದ ವಾಸನೆ ಬಂದರೆ ಓಡದೆ ಸರಿಯಾದ ಕವಾಟ ಮುಚ್ಚುವ ಸಮಾಧಾನ. ಅದು ಇಪ್ಪತ್ತಕ್ಕಿಂತ ಮೂವತ್ತೈದರಲ್ಲಿ ಹೆಚ್ಚಾಗಿ ಸಿಗುತ್ತದೆ. ಎಲೆಕ್ಟ್ರಿಷಿಯನ್, ಮೋಟಾರ್ ರಿವೈಂಡಿಂಗ್ ಮಾಡುವವರು, ಬೈಕ್ ಮೆಕ್ಯಾನಿಕ್ಕುಗಳು ಇತ್ತ ಹೊರಳಿದರೆ ಅವರ ಅರ್ಧ ಕಲಿಕೆ ಆಗಲೇ ಮುಗಿದಿರುತ್ತದೆ. ಐಟಿಐ ಪ್ರವೇಶಕ್ಕೆ ಕನಿಷ್ಠ ವಯಸ್ಸು 14 ಇದೆಯೇ ಹೊರತು ಮೇಲಿನ ಮಿತಿಯಿಲ್ಲ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಕಿರು ತರಬೇತಿಗಳು 45ರವರೆಗೆ ತೆರೆದಿವೆ. ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ ಕೆಲಸ ಹುಡುಕುವ ಹೆಣ್ಣುಮಕ್ಕಳಿಗೆ ಡೇರಿಯ, ಲಸಿಕೆ ಕೇಂದ್ರದ ಈ ಕೆಲಸಗಳು ಒಪ್ಪುತ್ತವೆ, ಆದರೆ ಅವರಿಗೆ ಹೀಗೊಂದು ದಾರಿ ಇದೆಯೆಂದು ಹೇಳುವವರೇ ಇಲ್ಲ.

ಸರ್ಕಾರಕ್ಕೆ ಈ ಕೆಲಸದ ಮಹತ್ವ ತಿಳಿಯದೇ ಇಲ್ಲ. 2019ರಲ್ಲಿ ಹೊರಬಂದ ಭಾರತದ ತಂಪು ಕ್ರಿಯಾ ಯೋಜನೆ ಒಂದು ಲಕ್ಷ ಸರ್ವಿಸ್ ಟೆಕ್ನೀಷಿಯನ್ನರಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಇಟ್ಟಿತ್ತು. ಆದರೂ ಗ್ಯಾಸ್ ಸಿಲಿಂಡರ್ ಮುಟ್ಟಲು ನಮ್ಮಲ್ಲಿ ಯಾವ ಪರವಾನಗಿಯೂ ಕಡ್ಡಾಯವಲ್ಲ. ಯೂರೋಪಿನಲ್ಲಿ, ಅಮೆರಿಕದಲ್ಲಿ ಪರೀಕ್ಷೆ ಪಾಸಾಗದವರು ಎಚ್‌ಎಫ್‌ಸಿಯಂಥ ಗ್ಯಾಸುಗಳ ಯಂತ್ರ ಬಿಚ್ಚುವಂತಿಲ್ಲ. ಇಲ್ಲಿಯೂ 18 ತುಂಬಿದ, ಕಲಿತ ಕೈಗೆ ಮಾತ್ರ ಗ್ಯಾಸು ಎಂಬ ನಿಯಮ ಬರಬೇಕು, ಉರಿಯುವ ಗ್ಯಾಸು ಮನೆಮನೆ ಸೇರುತ್ತಿರುವ ಈ ಹೊತ್ತಿನಲ್ಲೇ ಬರಬೇಕು. ಅದು ಬರುವ ತನಕ ಎಳೆಯ ಹುಡುಗರು ಗ್ಯಾಸು ಮುಟ್ಟುವುದನ್ನು ತಡೆಯಬಲ್ಲವರು ಇಬ್ಬರೇ. ಅಂಗಡಿ ಮಾಲೀಕರೇ, ಈ ಬೇಸಿಗೆಯಲ್ಲಿ ಏಣಿ ಹಿಡಿಯಲು ಹದಿನೆಂಟು ತುಂಬಿದವರನ್ನು ಕರೆಯಿರಿ, ಪಕ್ಕದ ಬೀದಿಯ ಹುಡುಗನಿಗೆ ಎರಡು ವರ್ಷ ಬಿಟ್ಟು ಬಾ ಎನ್ನಿ. ತಂದೆತಾಯಂದಿರೇ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಬೆನ್ನಿಗೇ ಐಟಿಐ ಅರ್ಜಿ ಕರೆಯುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಮೇ ತಿಂಗಳಿಗೆ ಮುಂಚೆಯೇ ತೆಗೆದಿಟ್ಟುಕೊಂಡು, ಅಂಕಪಟ್ಟಿ ಕೈಗೆ ಬಂದೊಡನೆ ಆ ಅರ್ಜಿಯನ್ನು ಮಗನ ಜೊತೆ ನೀವೇ ಹೋಗಿ ಹಾಕಿ ಬನ್ನಿ.